ಭಾವನ ವಿಮಾನಕ್ಕೆ ಅಕ್ಕನ ಅಂಗೈ

ನಮ್ಮ ಭಾವನ ಕೈಗಳು ಬೆಣ್ಣೆಯಂತಿದ್ದವು. ಅಕ್ಕನ ಗಂಡ ಅವರು. ಹಲಸೂರಿನ ಹಳೆಯ ಒಕ್ಕಲು ಮನೆತನ, ಬಾಣಸವಾಡಿ ಕಡೆ ಹೊಲಗಳಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನೆಲ್ಲ ದಂಡು ಪ್ರದೇಶದ ಗುಜರಿ ಅಂಗಡಿಗಳಿಗೆ ಬಂತಲ್ಲ, ಅಲ್ಲಿಂದ ತಂದ ತೊಗಲಿನ ಕೈಗವಸು ಹಾಕಿಕೊಳ್ಳದೆ ಅವರು ಒಂದು ಬೋಲ್ಟನ್ನೂ ಮುಟ್ಟುತ್ತಿರಲಿಲ್ಲ.

ಅದೇ ಗುಜರಿಯಿಂದ ಒಂದು ಮೋಟಾರಿನ ಎಂಜಿನ್ ತಂದು, ಹೊಲದ ಶೆಡ್ಡಿನಲ್ಲಿ ವಿಮಾನ ಕಟ್ಟಲು ಕೂತರು. ನೀರಿನಿಂದ ತಣಿಯುವ ಎಂಜಿನ್ ಅದು. ಓಡಿಸಿದರೆ ಸಾಕು, ನೀರು ಕುದಿಯುತ್ತಿತ್ತು. ಶಾಖ ತೋರಿಸುವ ಮೀಟರು ತಂದರು, ಮುಳ್ಳು ಅಲ್ಲಾಡಲಿಲ್ಲ. ಸರಿ, ಅಕ್ಕನನ್ನು ಕರೆದರು. ವಿಮಾನದ ಬಾಲವನ್ನು ಹುಣಸೆಮರಕ್ಕೆ ಬಿಗಿದು ಎಂಜಿನ್ ಓಡಿಸುವುದು, ನೀರು ತಣಿಸುವ ರೇಡಿಯೇಟರಿಗೆ ಹೋಗುವ ಕೊಳವೆಯ ಮೇಲೆ ಅಕ್ಕ ಬಲಗೈ ಇಟ್ಟು ನಿಲ್ಲುವುದು. ಹತ್ತು ಎಣಿಸುವವರೆಗೆ ಕೈ ತಾಳಿದರೆ ನೀರು ಹದವಾಗಿದೆ ಎಂದು ಲೆಕ್ಕ. ಮೊದಲೇ ಕಿತ್ತುಕೊಂಡರೆ ಎಂಜಿನ್ ನಿಲ್ಲಿಸಬೇಕು.

"ಮೀಟರ್ ಮೋಸ ಮಾಡುತ್ತೆ ಕಣಯ್ಯಾ, ಹೆಂಡ್ತಿ ಮಾಡಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಅಂಗೈಯ ಬೊಬ್ಬೆಗಳನ್ನು ಅಕ್ಕ ತೋರಿಸಿದರೆ, "ಅದಕ್ಯಾಕೆ ಇಷ್ಟು ರಂಪ? ಒಲೆ ಮುಂದೆ ಸುಟ್ಕೊಳ್ಳಲ್ವಾ?" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ತಡೆಯಲಾರದೆ, "ನಿಮ್ಮ ಕೈ ಇಡಿ ಭಾವ, ನೋಡೋಣ" ಎಂದೆ. ಕೈಗವಸನ್ನು ಎತ್ತಿ ತೋರಿಸಿ, "ಪೈಲಟ್ ಕೈ ಕಣೋ ಇದು, ಕೆಡ್ಬಾರ್ದು" ಎಂದರು. ತಮಾಷೆಯಲ್ಲ, ನಿಜಕ್ಕೂ ಹಾಗೇ ನಂಬಿದ್ದರು ಪುಣ್ಯಾತ್ಮ.

ನೀರು ಕುದಿಯದಿರಲೆಂದು ರೇಡಿಯೇಟರಿನ ಬಿಸಿಗಾಳಿ ಹೊರಬೀಳುವ ಕಿಂಡಿಯನ್ನು ತಿಂಗಳುಗಟ್ಟಲೆ ಅಗಲ ಮಾಡುತ್ತಲೇ ಹೋದರು. ಪ್ರತಿ ಸಲವೂ ಅಕ್ಕನ ಅದೇ ಕೈ. ಬೊಬ್ಬೆಯ ಮೇಲೆ ಬೊಬ್ಬೆ. ಕಡೆಗೊಂದು ಬೆಳಿಗ್ಗೆ ಅಕ್ಕ ಪೂರ್ತಿ ಎಣಿಸಿ, "ರೀ, ಏನೂ ಸುಡ್ತಿಲ್ಲ" ಎಂದಳು. ಭಾವ ಕುಣಿದುಬಿಟ್ಟರು. ಸಕ್ಕರೆಗೆ ರೇಷನ್ ಇದ್ದ ಕಾಲದಲ್ಲೂ ಕೇರಿಗೆಲ್ಲ ಮೈಸೂರುಪಾಕು ಹಂಚಿದರು. ಮರುದಿನವೇ ಹಗ್ಗ ಬಿಚ್ಚಿ ಹಾರಿದರು. ಮರದ ಎತ್ತರ ದಾಟುವಷ್ಟರಲ್ಲಿ ಎಂಜಿನ್ನಿನಿಂದ ಬುಸ್ಸೆಂದು ಆವಿ ಎದ್ದಿತು. ಎಂಜಿನ್ ಬಿಗಿದುಕೊಂಡು ನಿಂತೇಹೋಯಿತು. ವಿಮಾನ ಕೆರೆಯಂಗಳಕ್ಕೆ ಬಿತ್ತು.

ಸೊಂಟ ಮುರಿದು ಭಾವ ಹಾಸಿಗೆ ಹಿಡಿದರು. "ಸುಳ್ಳು ಹೇಳಿ ನನ್ನ ಕೊಂದೆ ಕಣೇ" ಎಂದು ದಿನಾ ಬೈಗುಳ. ಅಕ್ಕ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅವರ ಮೈ ಒರೆಸುವಳು. ಒಂದು ದಿನ ನಾನೂ ಅಲ್ಲೇ ಇದ್ದೆ. ಒದ್ದೆ ಬಟ್ಟೆ ಬೆನ್ನಿಗೆ ತಾಗಿದ್ದೇ ತಡ, ಭಾವ ಚೀರಿದರು. "ಬೆಚ್ಚಗಿದೆಯಲ್ರೀ" ಎಂದು ಅಕ್ಕ ಮತ್ತೆ ಬಲಗೈಯನ್ನು ನೀರಿಗೆ ಅದ್ದಿದಳು. ನಾನು ಬೆರಳಿಟ್ಟು ನೋಡಿದೆ, ಸುಟ್ಟೇಹೋಯಿತು.

"ಅಯ್ಯೋ ಅಕ್ಕಾ, ಕೈ ತೆಗಿಯೇ!"

ಅವಳು ತನ್ನ ಅಂಗೈಯನ್ನು ನೋಡಿಕೊಂಡಳು. "ನಂಗೇನೂ ಗೊತ್ತಾಗ್ತಿಲ್ಲ ಕಣೋ. ಅವತ್ತೂ ಹೀಗೇ ಆಗಿತ್ತೇನೋ."

ಭಾವನಿಗೂ ಅರ್ಥವಾಯಿತು. ಒಂದು ಒಳ್ಳೆಯ ಮಾತಿಗಾಗಿ ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು.

"ಎಡಗೈ ಇತ್ತಲ್ಲೇ" ಎಂದರು. "ಮೊದ್ಲೇ ಹೇಳಿದ್ರೆ ಅದನ್ನ ಇಡಿಸ್ತಿದ್ದೆ."

ಆ ತಿಂಗಳೇ ತೀರಿಹೋದರು. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ನಾನು ಚಟ್ಟಕ್ಕೆ ಹೆಗಲು ಕೊಡಲಿಲ್ಲ.