ಪೆಟ್ಟಿಗೆಯೊಳಗೆ ಉಳಿದ ಕರೆ

ತರಗತಿಯಲ್ಲಿ ಮೊಬೈಲ್ ಬೇಡವೆಂದು ನಮ್ಮ ಶಾಲೆಯಲ್ಲೂ ಕಟ್ಟುನಿಟ್ಟಾಯಿತು. ಮಕ್ಕಳ ಫೋನು ಇಡಲು ಏನಾದರೂ ತಾರಪ್ಪ ಎಂದರೆ, ಜವಾನ ಗೋಳಗುಮ್ಮಟದ ಹತ್ತಿರದ ಅಂಗಡಿಯಿಂದ ಒಣದ್ರಾಕ್ಷಿಯ ಖಾಲಿ ಪೆಟ್ಟಿಗೆ ತಂದಿಟ್ಟ. ಮುಚ್ಚಳ ತೆಗೆದೆ. ಸಿಹಿ, ಅದರ ಹಿಂದೆಯೇ ಮೂಗು ಚುರುಗುಟ್ಟಿಸುವ ಗಂಧಕದ ವಾಸನೆ... ಪಾಠ ಮಾಡಬೇಕಿದ್ದವಳು ಪೆಟ್ಟಿಗೆ ಮೂಸುತ್ತಾ ನಿಂತಿದ್ದು ಕಂಡು ಮಕ್ಕಳು ಕಿಸಕ್ಕೆಂದರು.

ತಿಕೋಟಾದ ಹೈಸ್ಕೂಲಿನಲ್ಲಿ ನಮ್ಮ ಗಣಿತದ ಅಕ್ಕೋರ ಮೇಜಿನ ಮೇಲೂ ಇಂಥದೇ ಪೆಟ್ಟಿಗೆಯಿತ್ತು. ಆಗ ಮೇಲಿನವರ ನಿಯಮವೇನೂ ಇರಲಿಲ್ಲ, ಅದು ಅಕ್ಕೋರದೇ ಕಾನೂನು. ಮೊದಲು ತಮ್ಮ ಫೋನು ಹಾಕುತ್ತಿದ್ದರು, ಆಮೇಲೆ ನಮ್ಮ ಬಟನ್ ಫೋನುಗಳು. ಗಂಟೆಯಾಗುವ ತನಕ ಮುಚ್ಚಳ ತೆಗೆಯುವಂತಿಲ್ಲ. ಆದರೆ ಒಳಗೆ ಯಾವುದಾದರೂ ಬಡಿದುಕೊಂಡರೆ ನಮಗಿಂತ ಅವರಿಗೇ ತಡೆಯಲಾಗುತ್ತಿರಲಿಲ್ಲ. ಗಂಟೆಯಾದೊಡನೆ ಹಿಡಿದು ನಿಲ್ಲಿಸಿ, "ಯಾರಿದ್ರಬೇ? ಏನಂದ್ರು?" ಎಂದು ಕೇಳುವರು. ಅಜ್ಜಿಯ ಮಂಡಿನೋವು, ಎಮ್ಮೆ ಈದದ್ದು, ಅಕ್ಕನಿಗೆ ವರ ಬಂದದ್ದು, ಎಲ್ಲಾ ಬೇಕು ಅವರಿಗೆ. ನಮಗೂ ಹೇಳುವುದೆಂದರೆ ಖುಷಿ. ಮನೆಯಲ್ಲಿ ನಮ್ಮನ್ನು ಯಾರು ಅಷ್ಟು ಕೇಳುತ್ತಿದ್ದರು?

ಆ ವರ್ಷ ನಮ್ಮ ಮನೆಯ ಮೊದಲ ದ್ರಾಕ್ಷಿ ಬೆಳೆ. ಶಾಲೆಯ ಬೆನ್ನಿಗೇ ಇದ್ದ ಹೊಲದ ಶೆಡ್ಡಿನಲ್ಲಿ, ಬಲೆಗಳ ಮೇಲೆ ಒಣಗಲು ಹರವಿದ್ದೆವು. ಮಳೆ ತಾಗಿದರೆ ಕಪ್ಪಾಗಿ ಬೂಸರು ಹಿಡಿದು ವರ್ಷದ ದುಡಿಮೆಯೆಲ್ಲಾ ಹಾಳು. ಒಂದು ಮಧ್ಯಾಹ್ನ ಪೆಟ್ಟಿಗೆಯಲ್ಲಿ ನನ್ನ ಫೋನು ಹಾಡಿತು. "ಗಂಟಿ ಆಗಲಿ" ಎಂದರು ಅಕ್ಕೋರು. ಇನ್ನೊಂದು ಹಾಡಿತು. ಮತ್ತೊಂದು... ಅಕ್ಕೋರು ಸುಣ್ಣದಕಡ್ಡಿ ಬಿಟ್ಟು ಪೆಟ್ಟಿಗೆಗೆ ಕಿವಿ ಹಚ್ಚಿದರು.

"ಎಲ್ಲಾರ ಮನ್ಯಾಗೂ ಒಮ್ಮಿಗೇ ಏನಾಗೇತಿ?"

ಕಿಟಕಿಗೆ ಹೋಗಿ ನೋಡಿದರು. ಬಬಲೇಶ್ವರದ ಕಡೆ ಆಕಾಶ ಕಪ್ಪಗಾಗಿತ್ತು. ಗಂಟೆಗೆ ಕಾಯದೆ ತಾವೇ ಮುಚ್ಚಳ ಕಿತ್ತು ನನ್ನ ಫೋನು ಕೈಗಿತ್ತರು.

"ಅಪ್ಪ ಕರ್ಯಾಕತ್ತಾನ್ರಿ... ಶೆಡ್ಡಿಗೆ ತಾಡಪತ್ರಿ ಕಟ್ಟಬೇಕಂತ್ರಿ" ಎಂದೆ. ಅಳು ಬಂದುಬಿಟ್ಟಿತ್ತು.

"ಹಂಗಾರ ಇಲ್ಲೇನ್ ಮಾಡ್ತಿ? ನಡೀರಿ ಎಲ್ಲಾರೂ!"

ಊರಲ್ಲೇ ಹೊಲವಿದ್ದವರು ತಮ್ಮ ಶೆಡ್ಡಿಗೆ ಓಡಿದರು, ಉಳಿದವರು ನಮ್ಮದಕ್ಕೆ. ಅಕ್ಕೋರೂ ಸೆರಗು ಸಿಕ್ಕಿಸಿ ಬಂದರು. ಗಾಳಿಗೆ ಎದ್ದೆದ್ದು ಹಾರುವ ತಾಡಪತ್ರಿಯ ಒಂದು ಮೂಲೆಗೆ ಜೋತುಬಿದ್ದವರು, ಅಪ್ಪ ಹಗ್ಗ ಬಿಗಿಯುವ ತನಕ ಕೈಬಿಡಲಿಲ್ಲ. ಮಳೆ ಸುರಿಯಿತು. ದ್ರಾಕ್ಷಿ ಉಳಿಯಿತು. ಅಪ್ಪ ಅವರಿಗೆ ಕೈಮುಗಿದ.

ಪಾಟಿಚೀಲಕ್ಕೆಂದು ತೊಯ್ದು ತೊಪ್ಪೆಯಾಗಿ ವಾಪಸು ಬಂದಾಗ ಪೆಟ್ಟಿಗೆಯಲ್ಲಿ ಒಂದು ಫೋನು ಬಡಿದುಕೊಳ್ಳುತ್ತಿತ್ತು. ಅಕ್ಕೋರದು. ಎತ್ತಿಕೊಳ್ಳುವಷ್ಟರಲ್ಲಿ ನಿಂತಿತು. ಅದನ್ನೇ ನೋಡುತ್ತಾ ನಿಂತರು. ನಾವು ಬಿಡುತ್ತೇವೆಯೇ? "ಯಾರಿದ್ರೀ ಅಕ್ಕೋರ? ಏನಂದ್ರು?" ಎಂದು ಅವರದೇ ಧಾಟಿಯಲ್ಲಿ ಕೇಳಿದೆವು.

"ಗಂಟಿ ಆದಮ್ಯಾಲ ಹೇಳ್ತೀನಿ" ಎಂದು ನಕ್ಕರು.

ಗಂಟೆಯಾಯಿತು. ನನಗೆ ಶೆಡ್ಡಿನ ಚಿಂತೆ, ಉಳಿದವರಿಗೆ ಬಸ್ಸಿನದು, ಓಡಿದೆವು. ಆಮೇಲೆ ಅಕ್ಕೋರು ಎಷ್ಟೋ ದಿನ ಶಾಲೆಗೆ ಬರಲಿಲ್ಲ. ಬಂದಾಗ ಅವರ ಮುಖ ನೋಡಿ ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಆ ಕರೆ ಯಾರದಿತ್ತೋ ತಿಳಿಯಲೇ ಇಲ್ಲ, ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಮಾತ್ರ ನನಗೆ ತಲುಪಿತು...

ಇವತ್ತು ಪೆಟ್ಟಿಗೆಗೆ ಮೊದಲು ನನ್ನ ಫೋನು ಹಾಕಿದೆ. ಪಾಠದ ನಡುವೆ ಒಂದು ಬಡಿದುಕೊಂಡಿತು. ಗಂಟೆಯಾದ ಮೇಲೆ ಅದರ ಒಡತಿಯನ್ನು ನಿಲ್ಲಿಸಿ, "ಯಾರಿದ್ರಬೇ?" ಎಂದೆ. ಹುಡುಗಿ ಕಣ್ಣರಳಿಸಿ ಹೇಳುತ್ತಲೇ ಹೋದಳು. ನಡುವೆ ತಡೆದು, "ನಿಮಗ್ಯಾರೂ ಮಾಡಿಲ್ಲೇನ್ರಿ ಮೇಡಂ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯುತ್ತಾ ಅಲ್ಲೇ ನಿಂತಳು. ನಾವು ಅಂದು ಹಾಗೆ ನಿಂತಿರಲಿಲ್ಲ.