ಕೈಗೆ ಬಂದ ಚಿಪ್ಪು

ಕಂಪ್ಯೂಟರಿನ ಮಿದುಳಿಗೆ ಚಿಪ್ ಎಂದು ಹೆಸರಿಟ್ಟವರು ನಮ್ಮನ್ನೂ ಒಂದು ಮಾತು ಕೇಳಬಹುದಿತ್ತು. ಕನ್ನಡದ ನಾಲಿಗೆ ಅದಕ್ಕೊಂದು ಉಕಾರ ಅಂಟಿಸದೆ ಬಿಡುವುದಿಲ್ಲ, ಅಂಟಿಸಿದರೆ ಚಿಪ್ಪು. ತೆಂಗಿನ ಚಿಪ್ಪು, ಬಾಳೆಹಣ್ಣಿನ ಚಿಪ್ಪು, ಮತ್ತೆ ನಂಬಿದವರು ಕೊನೆಗೆ ನಮ್ಮ ಕೈಗೆ ಕೊಡುವ ಚಿಪ್ಪು. ಹೋದ ತಿಂಗಳು ನನಗೆ ಸಿಕ್ಕಿದ್ದು ಈ ಕೊನೆಯದು.

ನನ್ನ ಹೆಂಡತಿ ಗಿರಿಜೆ ಚಾಮರಾಜನಗರದ ನಮ್ಮ ಮನೆಯಲ್ಲೇ ಮದುವೆ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುತ್ತಾಳೆ. ನಿವೃತ್ತ ಮೇಷ್ಟ್ರಾದ ನನಗೆ ಕಾಗುಣಿತ ತಿದ್ದುವ ಕೆಲಸ. ಉಮ್ಮತ್ತೂರಿನವರ ಪತ್ರಿಕೆಯಲ್ಲಿ ವರನ ಹೆಸರು ಮುಗಿದು ವಧುವಿನ ಹೆಸರು ಶುರುವಾಗುವಷ್ಟರಲ್ಲಿ ಯಂತ್ರ ಕಣ್ಣು ಮುಚ್ಚಿತು. ಒಳಗಿನ ಚಿಪ್ಪೇ ಹೋಗಿದೆ ಎಂದ ರಿಯಾಜ್.

ರಿಯಾಜ್ ನಮ್ಮೂರಿನ ಕಂಪ್ಯೂಟರ್ ಅಂಗಡಿಯವನು, ನನ್ನ ಸಂಜೆಯ ಟೀ ಜೊತೆಗಾರ. ಅವನು ಮಾರುವುದು ಹಸಿರು ಡಬ್ಬಿಯಲ್ಲಿ, ಕೂರುವ ಬೋರ್ಡಿನ ಸಮೇತ ಬರುವ ಕಂಪನಿಯ ಚಿಪ್ಪು. ಪಕ್ಕದ ಅಂಗಡಿಯ ಮಾದೇವಸ್ವಾಮಿಯದು ಹಳದಿ ಡಬ್ಬಿಯದು. ಎರಡೂ ಕಂಪನಿಗಳಿಗೆ ಜಗತ್ತಿಗೆಲ್ಲ ತಾವೇ ಮಾರಿಬಿಡಬೇಕೆಂಬ ಹಟ. ಒಬ್ಬರು ಬೆಲೆ ಇಳಿಸಿದರೆ ಇನ್ನೊಬ್ಬರು ವೇಗ ಏರಿಸುತ್ತಾರೆ. ನಮ್ಮ ಕಡೆ ಕೇಳಿದರೆ ಮಾತ್ರ ಹಸಿರು ಡಬ್ಬಿಯ ಸ್ಟಾಕ್ ಇಲ್ಲ. ಇದು ನನಗೆ ಹೊಸದಲ್ಲ. ಗುಂಡ್ಲುಪೇಟೆಯ ನನ್ನ ಭಾವಮೈದನ ತೋಟದ ಬಾಳೆಯೂ ಹೀಗೆಯೇ. ದಪ್ಪ ಗೊನೆಗಳೆಲ್ಲ ಲಾರಿ ಹತ್ತಿ ಕೇರಳಕ್ಕೆ ಹೋದ ಮೇಲೆ ಉಳಿದದ್ದು ನೆಂಟರಿಗೆ. ಚಿಪ್ಪಿನ ಲೋಕದಲ್ಲಿ ಚಾಮರಾಜನಗರ ನೆಂಟರ ಸಾಲಿನಲ್ಲಿದೆ.

"ಸೋಮವಾರ ಗ್ಯಾರಂಟಿ ಬರುತ್ತೆ ಸಾರ್," ಎಂದ ರಿಯಾಜ್. ಸೋಮವಾರ ಬಂತು, ಚಿಪ್ಪು ಬರಲಿಲ್ಲ. ಮತ್ತೊಂದು ಸೋಮವಾರವೂ ಹಾಗೆಯೇ ಬಂದು ಹೋಯಿತು. ಪಕ್ಕದಲ್ಲಿ ಹಳದಿ ಡಬ್ಬಿಗಳು ಗಾಜಿನ ಹಿಂದೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. "ಆ ಹುಡುಗೀಗೆ ಹೆಸರಿಲ್ಲದೇ ತಾಳಿ ಕಟ್ಟಿಸ್ತೀರಾ?" ಎಂದಳು ಗಿರಿಜೆ. ನ್ಯಾಯವಾದ ಪ್ರಶ್ನೆ. ಆದರೆ ರಿಯಾಜನ ಕಣ್ಣೆದುರು ಪಕ್ಕದ ಮೆಟ್ಟಿಲು ಹತ್ತುವುದು ಹೇಗೆ? ಚಿಪ್ಪು ಯಾವ ಕಂಪನಿಯದಾದರೂ ಸಿಕ್ಕೀತು, ಸಂಜೆ ನನ್ನ ಹರಟೆ ಸಹಿಸಿಕೊಂಡು ಟೀ ಕುಡಿಯುವವನು ಸಿಗುವುದು ಕಷ್ಟ. ಅವನನ್ನು ಕಳೆದುಕೊಳ್ಳುವ ಭಯ ನನಗೆ ನಿಜವಾಗಿಯೂ ಇತ್ತು.

ಕೊನೆಗೆ ನಾನೂ ಒಂದು ವ್ಯೂಹ ರಚಿಸಿದೆ. ಸಂತೆಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡೆ. ಡಬ್ಬಿಯ ಮೇಲೆ ಹಣ್ಣಿಟ್ಟರೆ ಕೈಚೀಲ ಹಣ್ಣಿನದೇ ಆಗುತ್ತದಲ್ಲ. ಮಟಮಟ ಮಧ್ಯಾಹ್ನ, ರಿಯಾಜ್ ಊಟಕ್ಕೆ ಹೋಗುವ ಹೊತ್ತಿಗೆ, ಹಿಂದಿನ ಓಣಿಯಿಂದ ಮಾದೇವಸ್ವಾಮಿಯ ಅಂಗಡಿಯ ಹಿತ್ತಿಲ ಬಾಗಿಲಿಗೆ ಬಂದು, ಬೆಕ್ಕಿನ ಹಾಗೆ ಇಣುಕಿದೆ.

"ಬನ್ನಿ ಸಾ, ಯಾಕಂಗೆ ನಿಂತ್ಬುಟ್ರಿ?" ಎಂದ ಮಾದೇವಸ್ವಾಮಿ. ಡಬ್ಬಿ ಆಗಲೇ ಮೇಜಿನ ಮೇಲಿತ್ತು. "ರಿಯಾಜ್ ಬಾಯ್ ಬೆಳಿಗ್ಗೇನೇ ಯೇಳವ್ರೆ. ಮೇಷ್ಟ್ರು ನಾಚ್ಕಂಡು ಇಂದ್ಲ ಬಾಗ್ಲಲ್ಲಿ ಬತ್ತಾರೆ, ಒಳ್ಳೇದ್ ನೋಡಿ ಎತ್ತಿಡು ಅಂತ. ನಂದು ಸ್ಟಾಕ್ ಮುಗುದ್ರೆ ನಾನೂ ಅವ್ರ ತಾವ್ಲೇ ಕಳುಸ್ತೀನಿ ಸಾ. ಕಂಪ್ನೀವ್ರು ಕಿತ್ತಾಡ್ಕಳ್ಳಿ ಬುಡಿ, ನಮ್ಗ್ಯಾಕೆ?"

ನಾನು ಇಷ್ಟು ದಿನ ಎದೆಯಲ್ಲಿ ಹೊತ್ತು ತಿರುಗಿದ ಧರ್ಮಸಂಕಟ ಆ ಇಬ್ಬರಿಗೂ ಗೊತ್ತಿದ್ದ ತಮಾಷೆಯಾಗಿತ್ತು. ಒಳ್ಳೆಯ ಅವಮಾನ. ಮನಸ್ಸು ಅಷ್ಟು ಹಗುರವಾಗಿ ಬಹಳ ದಿನವಾಗಿತ್ತು.

ದುಡ್ಡು ಕೊಟ್ಟು, ಡಬ್ಬಿಯನ್ನು ಚೀಲದಲ್ಲಿ ಹಣ್ಣಿನ ಕೆಳಗಿಟ್ಟು, ಮುಂಬಾಗಿಲಿನಿಂದಲೇ ಹೊರಗೆ ಬಂದೆ. ರಿಯಾಜ್ ಊಟಕ್ಕೆ ಹೋಗದೆ ಟೀ ಲೋಟಗಳೊಂದಿಗೆ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ.

"ಚೀಲದಲ್ಲಿ ಏನು ಸಾರ್?"

"ಚಿಪ್ಪು," ಎಂದೆ. ಸುಳ್ಳು ಹೇಳಿದ ಹಾಗಾಗಲಿಲ್ಲ.

ಅವನು ನಕ್ಕು ಹಣ್ಣನ್ನು ಪಕ್ಕಕ್ಕಿಟ್ಟು, ಹಳದಿ ಡಬ್ಬಿಯನ್ನು ತೆಗೆದುಕೊಂಡ. "ಕೊಡಿ, ಜೋಡಿಸಿಕೊಡ್ತೀನಿ. ಹುಡುಗಿ ಹೆಸರು ಸಂಜೆಗೇ ಹಾಕಿಸಿ."

ಮಾದೇವಸ್ವಾಮಿಯೂ ಬಂದು ಕೂತ. ಚಿಪ್ಪಿನಲ್ಲಿ ಅರ್ಧ ಹಣ್ಣು ಹಳದಿಗೆ ತಿರುಗಿದ್ದವು, ಅರ್ಧ ಇನ್ನೂ ಹಸಿರು. ಹಳದಿಯವನ್ನು ಮೂವರೂ ತಿಂದೆವು. ಹಸಿರಿನವನ್ನು ರಿಯಾಜ್ ನಾಳೆಯ ಟೀಗೆಂದು ಒಳಗೆ ಎತ್ತಿಟ್ಟ.