ಮಾಲೆ ಹಾಕಿದ ಮೂರನೆಯ ದಿನ

ದೋಸೆ ಗುಂಡಗೆ ಬರಲಿಲ್ಲ. ಅದೇ ಮೊದಲ ಲಕ್ಷಣ.

ನನ್ನ ಗಂಡ ಸದಾನಂದ ಡೊಂಬಿವ್ಲಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಕಾವಲಿಯ ಮೇಲೆ ಇವರ ಕೈ ತಿರುಗುವ ಚಂದ ನೋಡಿಯೇ ಮದುವೆಗೆ ಒಪ್ಪಿದೆ ಎಂದು ತಮಾಷೆ ಮಾಡುತ್ತೇನೆ. ಪೂರ್ತಿ ಸುಳ್ಳೂ ಅಲ್ಲ. ಕಳೆದ ವರ್ಷ ಅಯ್ಯಪ್ಪನ ಮಾಲೆ ಹಾಕಿದ ಮೂರನೆಯ ದಿನ ಬೆಳಿಗ್ಗೆ ಆ ಕೈ ನಡುಗಿ ಹಿಟ್ಟು ಕಾವಲಿಯಾಚೆ ಚೆಲ್ಲಿತು. ಹೋಟೆಲಿನವರು ರಿಕ್ಷಾದಲ್ಲಿ ಮನೆಗೆ ಕಳಿಸಿದರು.

ನಮ್ಮ ಹೋಟೆಲ್ ಜನರಲ್ಲಿ ಕುಡಿತಕ್ಕೆ ಒಂದೇ ಮದ್ದು, ಮಾಲೆ. ಕೊರಳಿಗೆ ಬಿತ್ತೆಂದರೆ ವ್ರತ ಮುಗಿಯುವ ತನಕ ಒಂದು ಹನಿ ಮುಟ್ಟುವಂತಿಲ್ಲ. ಹೆಂಡತಿಯ ಕಣ್ಣೀರಿಗೆ ಕರಗದವರೂ ಸ್ವಾಮಿಗೆ ಹೆದರುತ್ತಾರೆ. ಭಜನಾ ಮಂಡಳಿಯ ಗುರುಸ್ವಾಮಿ ಶೇಖರಣ್ಣ ಇವರಿಗೆ ಮಾಲೆ ಹಾಕಿದಾಗ ನನಗೆ ಪಾಯಸ ಮಾಡುವಷ್ಟು ಸಂತೋಷ. ಮಾಡಿದೆ ಕೂಡ.

ಮನೆಗೆ ಬಂದವರು ಟವೆಲ್ ಹಿಡಿದು ಗೋಡೆ ಒರೆಸತೊಡಗಿದರು.

"ಎಂತ ಮಾರಾಯ್ರೆ?"

"ಇರುವೆ ಮಾರಾಯ್ತಿ. ಗೋಡೆ ತುಂಬ ಉಂಟು, ಕಾಣುದಿಲ್ವ ನಿಂಗೆ?"

ಗೋಡೆಯಲ್ಲಿ ಒಂದೂ ಇರುವೆ ಇರಲಿಲ್ಲ.

ಶೇಖರಣ್ಣ ಓಡಿ ಬಂದರು. "ವ್ರತದಲ್ಲಿ ಎಂತದೋ ಲೋಪ ಆಗಿದೆ ಅಕ್ಕ" ಎಂದು ಇವರ ಹಣೆಗೆ ವಿಭೂತಿ ಹಚ್ಚಿದರು. ಹಚ್ಚುತ್ತಿರುವಾಗಲೇ ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ದಾರೂ ಏಕ್‌ದಮ್ ಬಂದ್ ಕಿಯಾ ಕ್ಯಾ?" ಹೌದು, ಒಮ್ಮೆಲೇ ಬಿಟ್ಟಿದ್ದಾರೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ವರ್ಷಗಟ್ಟಲೆ ದಿನವೂ ಕುಡಿದವರು ಹೀಗೆ ಹಠಾತ್ತನೆ ನಿಲ್ಲಿಸಿದರೆ ಮಿದುಳು ಕೆರಳುತ್ತದಂತೆ. ಜೀವಕ್ಕೇ ಅಪಾಯವಂತೆ. ಮದ್ದು ಕೊಟ್ಟು ಬಿಡಿಸಬೇಕಂತೆ.

ಕುಡಿದದ್ದಕ್ಕಲ್ಲ, ಬಿಟ್ಟದ್ದಕ್ಕೆ ಐಸಿಯು.

ಇವರು ಉಳಿದರು. ಬ್ಲಡ್ ಟೆಸ್ಟಿನಲ್ಲಿ ಶುಗರ್ ಇರುವುದೂ ಗೊತ್ತಾಯಿತು. ಡಿಸ್ಚಾರ್ಜ್ ಮಾಡುವಾಗ ಶುಗರ್‌ಗೆ ಇಲ್ಲಿಯೇ, ಕುಡಿತಕ್ಕೆ ಕಲ್ಯಾಣ್, ಮನಸ್ಸಿಗೆ ಠಾಣೆ ಊರಿನ ಆಸ್ಪತ್ರೆಗೆ ಹೋಗಿ ಎಂದರು. ಠಾಣೆ ಎಂದದ್ದೇ ತಡ, ಇವರ ಮುಖ ಕಪ್ಪಿಟ್ಟಿತು. ಇಲ್ಲಿಯ ನಮ್ಮ ಜನರಲ್ಲಿ 'ಠಾಣೆಗೆ ಕಳಿಸ್ತೇನೆ' ಅಂದರೆ ಹುಚ್ಚಾಸ್ಪತ್ರೆಗೆ ಎಂದೇ ಅರ್ಥ.

"ಕುಡಿದು ಬೇಕಾದ್ರೆ ಸಾಯ್ತೇನೆ. ಅಲ್ಲಿಗೆ ಮಾತ್ರ ಬರುದಿಲ್ಲ."

ಸಾಯುತ್ತಾರೆ ಎಂದು ನನಗೂ ಗೊತ್ತಿತ್ತು. ಭಯವಾಯಿತು.

ದಾರಿ ತೋರಿಸಿದ್ದು ವಾರ್ಡಿನ ನರ್ಸ್. ನಮ್ಮ ಗಲ್ಲಿಯ ಹಿಂದಿನ ಸಣ್ಣ ಸರಕಾರಿ ದವಾಖಾನೆಯಲ್ಲಿ ಈಗ ಮೂರಕ್ಕೂ ಒಂದೇ ಕಡೆ ನೋಡುತ್ತಾರೆ ಎಂದಳು. ನಾನು ಇವರಿಗೆ ಶುಗರ್ ತೋರಿಸಲಿಕ್ಕೆ ಎಂದು ಮಾತ್ರ ಹೇಳಿದೆ. ಬಂದರು. ಅಲ್ಲಿ ಇರುವುದು ಒಂದೇ ಲೈನ್. ಕೆಮ್ಮಿನ ಅಜ್ಜ, ಇಂಜೆಕ್ಷನ್ನಿನ ಮಗು, ಬಿಪಿಯ ಹೆಂಗಸರು, ನಡುವೆ ಇವರು. ಯಾರು ಯಾವುದಕ್ಕೆ ಬಂದರೆಂದು ಯಾರಿಗೂ ತಿಳಿಯದು. ಡಾಕ್ಟರ್ ಮೇಡಂ ಬೆರಳು ಚುಚ್ಚಿ ಶುಗರ್ ನೋಡುತ್ತಲೇ ನಿದ್ರೆ ಕೇಳಿದರು, ಕುಡಿತ ಕೇಳಿದರು, ಅಳು ಬರುತ್ತದಾ ಎಂದೂ ಕೇಳಿದರು. ಆಮೇಲೆ ಪಕ್ಕದ ಕೋಣೆಯ ಕೌನ್ಸೆಲರ್ ಹತ್ತಿರ ಕೂರಿಸಿದರು. ಲಾಕ್‌ಡೌನಿನಲ್ಲಿ ಹೋಟೆಲ್ ಮುಚ್ಚಿದಾಗ ಇವರಿಗೆ ಹಿಡಿದ ಮಂಕು ಹೋಗಿಯೇ ಇರಲಿಲ್ಲ ಎಂಬುದು ಹೊರಬಂದದ್ದು ಅಲ್ಲಿ. ಕುಡಿತ ಹೆಚ್ಚಿದ್ದು ಅದರ ಬೆನ್ನಿಗೆ. ಅದೂ ಒಂದು ಕಾಯಿಲೆ, ಅದಕ್ಕೂ ಮದ್ದಿದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಇವರು ಆ ಕೋಣೆಯಲ್ಲಿರುವಾಗ ಮೇಡಂ ನನ್ನ ಕಡೆ ತಿರುಗಿದರು. "ಆಣಿ ತುಮ್ಹಿ? ಝೋಪ್ ಯೇತೆ ಕಾ?"

ನನಗೆ ನಿದ್ರೆ ಬರುತ್ತದಾ ಎಂದು ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ.

ಕೆಮ್ಮಿನ ಅಜ್ಜನ ಪಕ್ಕ ಬೆಂಚಿನಲ್ಲಿ ಕುಳಿತು ಗೊಳೋ ಎಂದು ಅತ್ತೆ. ಹೊರಗೆ ಬಂದ ಇವರು ನನ್ನ ಕೈ ಹಿಡಿದುಕೊಂಡರು. ಕೈ ಇನ್ನೂ ನಡುಗುತ್ತಿತ್ತು, ಆದರೆ ಬಿಡಲಿಲ್ಲ.

ಗುಣವಾಯಿತು ಎಂದು ಬರೆಯಲು ಧೈರ್ಯವಿಲ್ಲ. ಮಳೆಗಾಲದಲ್ಲಿ ಒಮ್ಮೆ ಜಾರಿದರು. ಮರುದಿನ ಬೆಳಿಗ್ಗೆ ನಾನು ಬೈಯಲು ಬಾಯಿ ತೆರೆಯುವ ಮೊದಲೇ ಹೋಗಿ ಲೈನಿನಲ್ಲಿ ನಿಂತಿದ್ದರು. ಮೇಡಂ ಬೈಯಲಿಲ್ಲ, ನೀವಾಗಿಯೇ ಬಂದಿರಲ್ಲ, ಸಾಕು ಎಂದರಂತೆ. ದೋಸೆ ಈಗ ಗುಂಡಗೇ ಬರುತ್ತದೆ, ಒಮ್ಮೊಮ್ಮೆ ಭಾರತದ ನಕ್ಷೆ.

ಶೇಖರಣ್ಣನೂ ಬದಲಾಗಿದ್ದಾರೆ. ಈ ಸಲ ಮಾಲೆ ಕೇಳಿ ಬಂದವರಿಗೆಲ್ಲ ಅವರದು ಒಂದೇ ಪ್ರಶ್ನೆ. "ದಿನಾ ಕುಡೀತೀಯನಾ? ಹಾಗಾದ್ರೆ ಮೊದ್ಲು ದವಾಖಾನೆ, ಮತ್ತೆ ಮಾಲೆ." ಜತೆಗೆ ಹೋಗಿ ಲೈನಿನಲ್ಲಿ ನಿಲ್ಲುವವರು ನಮ್ಮ ಮನೆಯವರು.

ಮೇಡಂ ಒಪ್ಪಿದ ಮೇಲೆ ಇವರೂ ಮಾಲೆ ಹಾಕಿಕೊಂಡರು. ನಿನ್ನೆ ಇರುಮುಡಿ ಕಟ್ಟಿದೆವು. ಮುಂದಿನ ಗಂಟಿನಲ್ಲಿ ಸ್ವಾಮಿಗೆ ತುಪ್ಪದ ಕಾಯಿ, ಹಿಂದಿನದರಲ್ಲಿ ದಾರಿಯ ಬುತ್ತಿ. ಒಬ್ಬೊಬ್ಬರೇ ಹಿಡಿ ಅಕ್ಕಿ ಹಾಕಿ ಶರಣು ಕೂಗಿದರು. ಕೊನೆಗೆ ನಾನು ಮಾತ್ರೆಯ ಪೊಟ್ಟಣವನ್ನು ಬುತ್ತಿಯ ಅಡಿಗೆ ಸದ್ದಿಲ್ಲದೆ ತುರುಕಲು ಹೋದೆ. ಶೇಖರಣ್ಣ ಕೈ ಹಿಡಿದು ತಡೆದರು.

"ಕದ್ದು ಯಾಕೆ ಅಕ್ಕ? ಕೊಡಿ ಇಲ್ಲಿ."

ಪೊಟ್ಟಣವನ್ನು ಹಣೆಗೆ ಒತ್ತಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಅಕ್ಕಿಯ ಮೇಲೆ ಇಟ್ಟರು. ಶರಣು ಕೂಗಿದರು. ನಾವೆಲ್ಲ ಕೂಗಿದೆವು, ಎಲ್ಲರಿಗಿಂತ ಜೋರಾಗಿ ನಾನು.